ಒಂಬತ್ತು ನಿಮಿಷಕ್ಕೆ ಹನ್ನೆರಡು ಗೆರೆ: ಮಕ್ಕಳ ಸೆಮಿಸ್ಟರ್ ಕೊನೆಯಲ್ಲಿ ನನ್ನ ಅನುಭವ

ಮಗಳು ಕಾಲೇಜು ಸೇರಿ ಹಾಸ್ಟೆಲಿಗೆ ಹೋದ ವರ್ಷ ಮಗ ಇನ್ನೂ ಎಂಟನೇ ತರಗತಿ. ಅವಳ ಮೊದಲ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ನಾನು ದಿನಾ ರಾತ್ರಿ ಊಟ ಆದಮೇಲೆ ಫೋನ್ ಮಾಡುತ್ತಿದ್ದೆ. ಒಂದು ರಾತ್ರಿ ಫೋನಿಟ್ಟು ತಿರುಗಿದರೆ ಮಗ ರಫ್ ನೋಟ್‌ಬುಕ್ಕಿನ ಹಿಂದಿನ ಪುಟ ಹಿಡಿದು ನಿಂತಿದ್ದ. ಅದರಲ್ಲಿ ಪೆನ್ಸಿಲಿನಲ್ಲಿ ಎಳೆದ ಹನ್ನೆರಡು ಗೆರೆ.

"ಇದೇನೋ?" ಅಂದೆ.

"ನೀನು ಅಕ್ಕನಿಗೆ ಓದಿದ್ಯಾ ಅಂತ ಕೇಳಿದ ಲೆಕ್ಕ. ಒಂಬತ್ತು ನಿಮಿಷಕ್ಕೆ ಹನ್ನೆರಡು ಸಲ."

ಸುಳ್ಳು ಹೇಳಬೇಡ ಅಂತ ಗದರಿದೆ. ಆದರೆ ಫೋನಿನಲ್ಲಿ ನೋಡಿದರೆ ಒಂಬತ್ತು ನಿಮಿಷ ಅನ್ನುವುದು ನಿಜವಾಗಿತ್ತು. ಹನ್ನೆರಡೂ ಸಲ ಅದೇ ಮಾತು ಕೇಳಿರಲಿಲ್ಲ ಬಿಡಿ. "ಎಷ್ಟು ಯೂನಿಟ್ ಆಯ್ತು?", "ಗಣಿತ ಎಲ್ಲಿಗೆ ಬಂತು?", "ನಿನ್ನ ರೂಮ್‌ಮೇಟ್ ಎಷ್ಟು ಓದಿದಾಳಂತೆ?" ಹುಡುಗ ಎಲ್ಲವನ್ನೂ ಒಂದೇ ಖಾತೆಗೆ ಹಾಕಿದ್ದ. ಸರಿಯಾಗಿಯೇ ಹಾಕಿದ್ದ.

ನಾನು ಲೆಕ್ಕಪತ್ರದ ಕೆಲಸ ಮಾಡುವವಳು. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಒದ್ದಾಡುತ್ತಿರುವಾಗ ಬೆನ್ನ ಹಿಂದೆ ಬಂದು ನಿಂತು "ಎಷ್ಟಾಯ್ತು?" ಅಂತ ಕೇಳುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಕೇಳಿದ ತಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡ ಮೊತ್ತ ಜಾರಿ ಹೋಗುತ್ತದೆ, ಮತ್ತೆ ಮೇಲಿನಿಂದ ಕೂಡಬೇಕು. ಅಂಥವರನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಬೈದುಕೊಂಡಿಲ್ಲ! ಮಗಳ ವಿಷಯದಲ್ಲಿ ನಾನು ಮಾಡುತ್ತಿದ್ದದ್ದೂ ಅದೇ.

ಗೊತ್ತಾಯಿತು ಅಂದ ಮಾತ್ರಕ್ಕೆ ಬಿಟ್ಟೆ ಅಂತೇನಿಲ್ಲ. ಆ ಸೆಮಿಸ್ಟರ್ ಪೂರ್ತಿ ಕೇಳುತ್ತಲೇ ಇದ್ದೆ. ಮೂರನೇ ಪೇಪರ್ ಮುಗಿದ ದಿನ ಮಧ್ಯಾಹ್ನ ಫೋನ್ ಮಾಡಿ, ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೋ ಅಂತ ಹೇಳಿ, ಒಂದೊಂದೇ ಪ್ರಶ್ನೆಗೆ ಏನು ಬರೆದೆ ಅಂತ ಕೇಳುತ್ತಾ ಹೋದೆ. ನಾಲ್ಕನೆಯದರಲ್ಲಿ ಸೂತ್ರ ತಪ್ಪಾಗಿದೆ ಅಂತ ಅವಳಿಗೆ ಹೊಳೆದದ್ದು ನನ್ನ ಫೋನಿನಲ್ಲೇ. "ಅಯ್ಯೋ, ಅಷ್ಟು ಸುಲಭದ್ದು ಹಾಳು ಮಾಡ್ಕೊಂಡ್ಯಾ!" ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಮಾರನೇ ದಿನದ ಪೇಪರಿನಲ್ಲಿ ಫೇಲಾದಳು.

ಫೇಲಾದದ್ದು ನನಗೆ ಗೊತ್ತಾದದ್ದು ಎರಡು ತಿಂಗಳು ಬಿಟ್ಟು. ಅದೂ ಅವಳಾಗಿ ಹೇಳಿದ್ದಲ್ಲ, ಮತ್ತೆ ಪರೀಕ್ಷೆಗೆ ಕಟ್ಟಲು ಫೀಸು ಕೇಳಿದಾಗ. ಯಾಕೆ ಮುಚ್ಚಿಟ್ಟೆ ಅಂತ ರೇಗಿದ್ದಕ್ಕೆ ಅವಳು ತಣ್ಣಗೆ ಹೇಳಿದಳು: "ನೀನು ಫೋನ್ ಇಟ್ಟಮೇಲೆ ಒಂದು ಗಂಟೆ ಪುಸ್ತಕದ ಮುಂದೆ ಕೂತಿರ್ತೀನಿ ಅಮ್ಮ. ಓದ್ತಾ ಇರಲ್ಲ."

ಆ ಪೇಪರ್ ನನ್ನೊಬ್ಬಳಿಂದಲೇ ಹೋಯಿತು ಅಂತ ನಾನು ಹೇಳುವುದಿಲ್ಲ. ಆ ಸಬ್ಜೆಕ್ಟನ್ನು ಅವಳು ಮೊದಲಿನಿಂದಲೂ ಪಕ್ಕಕ್ಕಿಟ್ಟಿದ್ದಳು. ಆದರೆ ಹಿಂದಿನ ಮಧ್ಯಾಹ್ನ ನಾನು ತಿಂದ ಆ ಹೊತ್ತು ಅವಳ ಕೈಯಲ್ಲಿದ್ದಿದ್ದರೆ ಪಾಸಾಗುವಷ್ಟಾದರೂ ಬರುತ್ತಿತ್ತೇನೋ. ನಾನು ಕೇಳುತ್ತಿದ್ದದ್ದು ಅವಳಿಗೆ ಸಹಾಯವಾಗಲಿ ಅಂತ ಅಲ್ಲ, ನನ್ನ ಎದೆ ಬಡಿತ ಇಳಿಯಲಿ ಅಂತ. ಇದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಒಂದು ಸೆಮಿಸ್ಟರ್ ಬೇಕಾಯಿತು.

ಈಗ ಮಗಳ ಓದು ಮುಗಿದಿದೆ. ಮಗ ಆರನೇ ಸೆಮಿಸ್ಟರಿನಲ್ಲಿದ್ದಾನೆ. ಅಂದರೆ ಇದು ನಾನು ನೋಡುತ್ತಿರುವ ಹದಿನಾಲ್ಕನೇ ಸೆಮಿಸ್ಟರ್ ಕೊನೆ. ಈ ಹದಿನಾಲ್ಕರಲ್ಲಿ ಏನೇನು ಮಾಡಿದೆ, ಯಾವುದು ಕೆಲಸಕ್ಕೆ ಬಂತು, ಯಾವುದರಲ್ಲಿ ಎಡವಿದೆ ಅಂತ ಬರೆಯುತ್ತಿದ್ದೇನೆ.

ನನಗೆ ಮೊದಲು ತಿಳಿಯದೇ ಇದ್ದ ಸಂಗತಿ ಒಂದಿದೆ. ಸೆಮಿಸ್ಟರ್ ಕೊನೆ ಅಂದರೆ ಪರೀಕ್ಷೆ ಮಾತ್ರ ಅಂದುಕೊಂಡಿದ್ದೆ. ಮಕ್ಕಳನ್ನು ಅರೆದುಹಾಕುವುದು ಪರೀಕ್ಷೆಗೆ ಮುಂಚಿನ ಮೂರು ನಾಲ್ಕು ವಾರ. ಉಳಿದ ಅಸೈನ್‌ಮೆಂಟು, ಲ್ಯಾಬಿನ ರೆಕಾರ್ಡು, ಗುಂಪಿನಲ್ಲಿ ಮಾಡುವ ಪ್ರಾಜೆಕ್ಟು, ಅದರ ರಿಪೋರ್ಟು, ವೈವಾ, ಲೈಬ್ರರಿಗೆ ಹಿಂದಿರುಗಿಸಬೇಕಾದ ಪುಸ್ತಕ, ಮುಂದಿನ ಸೆಮಿಸ್ಟರಿನ ಫೀಸು, ರೂಮು ಖಾಲಿ ಮಾಡುವುದು, ಊರಿಗೆ ಬರುವ ಟಿಕೆಟು, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಪರೀಕ್ಷೆಗೆ ಓದಲು ಕೂರುವ ಹೊತ್ತಿಗೆ ಅರ್ಧ ಜೀವ ಹೋಗಿರುತ್ತದೆ. ಪ್ರಾಜೆಕ್ಟಿನಲ್ಲಿ ಕೈಕೊಟ್ಟ ಗೆಳೆಯನ ಮೇಲಿನ ಸಿಟ್ಟು ಬೇರೆ.

ಆದ್ದರಿಂದ ಪರೀಕ್ಷೆಗೆ ಒಂದೂವರೆ ತಿಂಗಳು ಇರುವಾಗ ಒಂದೇ ಒಂದು ಸಲ ಕೂತು ತಾರೀಕುಗಳನ್ನು ಕೇಳಿಕೊಳ್ಳುತ್ತೇನೆ. ಆಮೇಲೆ ಕೇಳುವುದಿಲ್ಲ. ಮಗ ಹೇಳುತ್ತಾ ಹೋಗುತ್ತಾನೆ, ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಪೆನ್ನಿನಲ್ಲಿ ಬರೆಯುತ್ತೇನೆ. ನೀಲಿ ಅವನ ಕೆಲಸ, ಕೆಂಪು ನನ್ನ ಕೆಲಸ. ಟಿಕೆಟು, ಫೀಸಿನ ಕೊನೆ ದಿನ, ಕನ್ನಡಕ ಬದಲಾಯಿಸುವುದಿದ್ದರೆ ಅದು, ಹಲ್ಲುನೋವು ಅಂತ ಎರಡು ತಿಂಗಳಿಂದ ಮುಂದೂಡಿದ ಡಾಕ್ಟರ್ ಭೇಟಿ, ಇವೆಲ್ಲ ಕೆಂಪು. ನೀಲಿಯನ್ನು ನಾನು ಮುಟ್ಟುವುದಿಲ್ಲ. ಅದರಲ್ಲಿ ಒಂದು ಉಪಯೋಗವಿದೆ ನೋಡಿ. ಯಾವ ದಿನ ಅವನಿಗೆ ವೈವಾ, ಯಾವ ದಿನ ಸಬ್ಮಿಷನ್ ಅಂತ ಗೋಡೆಯೇ ಹೇಳುವಾಗ ನಾನು ಫೋನಿನಲ್ಲಿ ಕೇಳುವುದು ತಪ್ಪುತ್ತದೆ. ಅವನ ಧ್ವನಿ ಯಾಕೆ ಇವತ್ತು ಚೂರು ಒರಟು ಅಂತಲೂ ಗೊತ್ತಾಗುತ್ತದೆ.

ನೀಲಿಯನ್ನು ಒಂದು ಸಲ ಮುಟ್ಟಿದ್ದೆ. ಮಗಳ ಎರಡನೇ ಸೆಮಿಸ್ಟರ್. ಜ್ವರದಿಂದ ಅವಳ ಒಂದು ಅಸೈನ್‌ಮೆಂಟ್ ತಡವಾಗಿತ್ತು. ಅವಳಿಗೆ ಹೇಳದೆ ನಾನೇ ವಿಭಾಗಕ್ಕೆ ಫೋನ್ ಮಾಡಿ, ಹುಡುಗಿಗೆ ಹುಷಾರಿರಲಿಲ್ಲ, ಸ್ವಲ್ಪ ನೋಡಿ ಅಂತ ಕೇಳಿಕೊಂಡೆ. ಫೋನೆತ್ತಿದವರು ಮರ್ಯಾದೆಯಿಂದಲೇ ಮಾತಾಡಿದರು. ಮಾರನೇ ದಿನ ತರಗತಿಯಲ್ಲಿ ಎಲ್ಲರ ಎದುರು "ನಿಮ್ಮ ಅಮ್ಮ ಫೋನ್ ಮಾಡಿದ್ದರು" ಅಂದರಂತೆ. ಅವಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅವರು ಹಾಗೆ ಹೇಳಬಾರದಿತ್ತು, ನಿಜ. ಆದರೆ ಆ ಫೋನ್ ಮಾಡಬೇಕಾದವಳು ಅವಳು. ಆಮೇಲೆ ಮಗನಿಗೆ ಇಂಥದ್ದೇ ಬಂದಾಗ ನಾನು ಮಾಡಿದ್ದು ಇಷ್ಟೇ: ಅವನು ಮೇಷ್ಟರಿಗೆ ಬರೆದ ಇಮೇಲನ್ನು ನನಗೆ ಓದಿ ಹೇಳಿದ, ನಾನು ಕೇಳಿದೆ. ಅರ್ಧ ಪುಟ ಕ್ಷಮಾಪಣೆ ಇತ್ತು. "ಯಾವ ದಿನ ಕೊಡ್ತೀಯ ಅನ್ನೋದೇ ಇಲ್ವಲ್ಲೋ ಇದರಲ್ಲಿ" ಅಂದೆ. ಕ್ಷಮಾಪಣೆ ಒಂದು ಸಾಲಾಯಿತು, ತಾರೀಕು ಸೇರಿತು. ಕಳಿಸಿದ. ಎರಡು ದಿನ ಹೆಚ್ಚಿಗೆ ಸಿಕ್ಕಿತು.

ಇನ್ನು ನಿದ್ದೆ. ಇದರಲ್ಲಿ ನಾನು ಜಾಸ್ತಿ ಜಗಳ ಆಡಿದ್ದೇನೆ, ಬಹುಪಾಲು ವ್ಯರ್ಥವಾಗಿ.

18ರಿಂದ 25 ವಯಸ್ಸಿನವರಿಗೆ ರಾತ್ರಿ 7ರಿಂದ 9 ಗಂಟೆ ನಿದ್ದೆ ಬೇಕು ಅಂತ ತಜ್ಞರು ಹೇಳುತ್ತಾರೆ. ಪರೀಕ್ಷೆ ಸಮಯದಲ್ಲಿ ಅಷ್ಟು ಮಲಗುವ ವಿದ್ಯಾರ್ಥಿಯನ್ನು ನಾನಂತೂ ಕಂಡಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಆಗುವಷ್ಟರಲ್ಲಿ ಅದು ಸುಮಾರು 0.10 ಶೇಕಡಾ ಇರುವವರಷ್ಟಾಗಿತ್ತು. ಅಂದರೆ ರಾತ್ರಿಯಿಡೀ ಓದಿ ಬೆಳಿಗ್ಗೆ ಪರೀಕ್ಷೆಗೆ ಹೋಗುವುದೂ ಒಂದೇ, ಕುಡಿದು ಹೋಗುವುದೂ ಒಂದೇ. ಇದನ್ನು ನಾನು ಮಗಳಿಗೆ ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಹೇಳಿದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದ ಸತ್ಯ. ಮೂರು ಯೂನಿಟ್ ಬಾಕಿ ಇಟ್ಟುಕೊಂಡು ಕೂತವಳಿಗೆ ಅದರಿಂದ ನಿದ್ದೆಯೂ ಬರಲಿಲ್ಲ, ಓದೂ ಆಗಲಿಲ್ಲ.

ಮಗನ ವಿಷಯದಲ್ಲಿ ಈ ಮಾತನ್ನು ಸೆಮಿಸ್ಟರಿನ ನಡುವೆ, ರಜೆಯಲ್ಲಿ, ಬೇರೆ ಏನೋ ಮಾತಿನ ಮಧ್ಯೆ ಹೇಳಿದೆ. ಕಾಫಿಯ ಲೆಕ್ಕವನ್ನೂ ಆಗಲೇ ಹೇಳಿದ್ದು. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು. ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಏಳಕ್ಕೆ ಕುಡಿದದ್ದರಲ್ಲಿ ಅರ್ಧ ಮಧ್ಯರಾತ್ರಿಗೂ ಒಳಗೇ ಇರುತ್ತದೆ. ಅವನಿಗೆ ಲೆಕ್ಕ ಇಷ್ಟ, ಆದ್ದರಿಂದ ಇದು ತಲೆಗೆ ಹೋಯಿತು. ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ ಅಂತ ತಾನೇ ಗೆರೆ ಹಾಕಿಕೊಂಡ. ನಾನು "ಕುಡಿಯಬೇಡ" ಅಂದಿದ್ದರೆ ಖಂಡಿತ ಕುಡಿಯುತ್ತಿದ್ದ.

ರಾತ್ರಿ ಮಲಗು ಅಂತ ಹೇಳುವುದಕ್ಕಿಂತ ಬೆಳಿಗ್ಗೆ ಎಬ್ಬಿಸುತ್ತೇನೆ ಅಂತ ಹೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಇದು ನನ್ನ ದೊಡ್ಡ ಕಂಡುಹಿಡಿತ ಅಂತಲೇ ಇಟ್ಟುಕೊಳ್ಳಿ. ಮಕ್ಕಳು ರಾತ್ರಿ ಎದ್ದಿರುವುದಕ್ಕೆ ಅರ್ಧ ಕಾರಣ ಭಯ: ಮಲಗಿದರೆ ಏಳುವುದಿಲ್ಲ, ಅಲಾರಾಂ ಆರಿಸಿ ಮತ್ತೆ ಮಲಗಿಬಿಡುತ್ತೇನೆ ಅಂತ. ಆ ಭಯವನ್ನು ನಾನು ವಹಿಸಿಕೊಂಡೆ. ಐದೂವರೆಗೆ ಅಂದರೆ ಐದೂವರೆಗೆ ಫೋನ್. "ಹ್ಞಾ ಎದ್ದೆ" ಅಂದರೆ ನಂಬುವುದಿಲ್ಲ, ನಿದ್ದೆಯಲ್ಲೂ ಅಷ್ಟು ಹೇಳುತ್ತಾನೆ. ಇವತ್ತಿನ ಸಬ್ಜೆಕ್ಟಿನ ಪೂರ್ತಿ ಹೆಸರು ಹೇಳಬೇಕು. ಹಾಸಿಗೆಯಿಂದ ಇಳಿದು ನಲ್ಲಿ ಬಿಟ್ಟ ಸದ್ದು ಕೇಳಿಸಬೇಕು. ಆಮೇಲೆ ನಾನು ಬೇರೆ ಒಂದು ಮಾತೂ ಆಡದೆ ಫೋನ್ ಇಡುತ್ತೇನೆ. ಈ "ಬೇರೆ ಒಂದು ಮಾತೂ ಆಡದೆ" ಅನ್ನುವುದೇ ಕಷ್ಟದ ಭಾಗ. ಹೇಗೂ ಫೋನೆತ್ತಿದ್ದಾನೆ, ಒಂದೇ ಒಂದು ಸಲ ಕೇಳಿಬಿಡಲಾ ಅಂತ ನಾಲಿಗೆ ತುರಿಸುತ್ತದೆ.

ಓದುವುದರಲ್ಲಿ ನಾವೇನು ಸಹಾಯ ಮಾಡಬಲ್ಲೆವು, ನಮಗೆ ಅವರ ವಿಷಯವೇ ಗೊತ್ತಿಲ್ಲವಲ್ಲ ಅಂತ ಬಹಳ ತಂದೆ ತಾಯಿ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು, ಮಗಳಿಗೆ ನಾಲ್ಕು ಬಣ್ಣದ ಹೈಲೈಟರ್ ಪೆನ್ನುಗಳನ್ನು ಕೊಡಿಸಿ ನನ್ನ ಕರ್ತವ್ಯ ಮುಗಿಯಿತು ಅಂತಿದ್ದೆ. 2013ರಲ್ಲಿ ಅಮೆರಿಕದ ಕೆಲವು ಮನೋವಿಜ್ಞಾನಿಗಳು ಹತ್ತು ಬಗೆಯ ಓದುವ ವಿಧಾನಗಳನ್ನು ಒರೆಗೆ ಹಚ್ಚಿ ನೋಡಿದ್ದರು. ಅಡಿಗೆರೆ, ಬಣ್ಣ ಬಳಿಯುವುದು, ಮತ್ತೆ ಮತ್ತೆ ಓದುವುದು, ಇವಕ್ಕೆ ಕೆಳಗಿನ ದರ್ಜೆ ಸಿಕ್ಕಿತು. ಮೇಲಿನ ದರ್ಜೆ ಸಿಕ್ಕಿದ್ದು ಎರಡಕ್ಕೇ: ತನಗೆ ತಾನೇ ಪರೀಕ್ಷೆ ಇಟ್ಟುಕೊಳ್ಳುವುದು, ಮತ್ತು ಓದನ್ನು ದಿನಗಳ ಮೇಲೆ ಹರಡಿಕೊಳ್ಳುವುದು. ನನ್ನ ಪೆನ್ನುಗಳು ಪಾಪ.

2006ರ ಇನ್ನೊಂದು ಪ್ರಯೋಗ ನನಗೆ ತುಂಬಾ ಹಿಡಿಸಿತು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವವರು ಮಾಡಿದ್ದು. ವಿದ್ಯಾರ್ಥಿಗಳಿಗೆ ಎರಡು ಪಾಠ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದು ಸಲ ಓದಿಸಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದರಲ್ಲಿ ಉಳಿದದ್ದು ಶೇಕಡಾ 42, ಮುಚ್ಚಿಟ್ಟು ನೆನಪಿಸಿಕೊಂಡದ್ದರಲ್ಲಿ 56. ಐದು ನಿಮಿಷದ ಆ ಫಲಿತಾಂಶವೇ ಮಕ್ಕಳನ್ನು ಮೋಸ ಮಾಡುವುದು. ಓದಿದ ತಕ್ಷಣ ಎಲ್ಲ ಬಂದಹಾಗೆ ಅನ್ನಿಸುತ್ತದೆ. ಪರೀಕ್ಷೆ ಹಾಲಿನಲ್ಲಿ ಕೂತಾಗ ಗೊತ್ತಾಗುತ್ತದೆ.

ಪುಸ್ತಕ ಮುಚ್ಚಿಸಿ ಹೇಳಿಸಲು ಎದುರಿಗೆ ಒಬ್ಬರು ಬೇಕು. ಆ ಒಬ್ಬರು ಏನೂ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಮಗ ಮೂರನೇ ಸೆಮಿಸ್ಟರಿನಲ್ಲಿ ಥರ್ಮೋಡೈನಮಿಕ್ಸ್ ಓದುತ್ತಿದ್ದ. ಸ್ಟಡಿ ಹಾಲಿಡೇಸ್‌ಗೆ ಮನೆಗೆ ಬಂದಿದ್ದ. "ಹತ್ತು ನಿಮಿಷ ಕೇಳಿಸ್ಕೊಳ್ತೀಯಾ ಅಮ್ಮ?" ಅಂದ. ನಾನು ಬಟ್ಟೆ ಮಡಚುತ್ತಾ ಕೂತೆ. ಶಾಖ ತಾನಾಗಿ ತಣ್ಣಗಿನ ಕಡೆಯಿಂದ ಬಿಸಿ ಕಡೆಗೆ ಹೋಗಲ್ಲ, ಫ್ರಿಡ್ಜ್ ಅದನ್ನು ಕರೆಂಟ್ ಖರ್ಚು ಮಾಡಿ ಹೊರಗೆ ಹಾಕುತ್ತೆ ಅಂತೆಲ್ಲ ಹೇಳಿದ.

"ಹಾಗಾದ್ರೆ ಸೆಕೆಗೆ ಫ್ರಿಡ್ಜ್ ಬಾಗಿಲು ತೆಗೆದಿಟ್ಟರೆ ರೂಮು ತಣ್ಣಗಾಗುತ್ತಾ?" ಅಂದೆ. ಸುಮ್ನೆ ಕೇಳಿದ್ದು. ನಿಜವಾಗಲೂ ಗೊತ್ತಿರಲಿಲ್ಲ.

"ಆಗುತ್ತೆ... ಇಲ್ಲ, ತಡಿ." ಎದ್ದು ಹೋಗಿ ಫ್ರಿಡ್ಜಿನ ಹಿಂಬದಿಗೆ ಕೈ ಇಟ್ಟು ನೋಡಿದ. ಬೆಚ್ಚಗಿತ್ತು. ಹಿಂದಕ್ಕೆ ಬಂದು ಒಂದು ಚೀಟಿಯಲ್ಲಿ ಬಾಣಗಳನ್ನು ಬರೆದ. ಒಳಗಿನಿಂದ ತೆಗೆದ ಶಾಖ, ಅದರ ಜೊತೆ ಮೋಟಾರಿಗೆ ಹೋದ ಕರೆಂಟು, ಎರಡೂ ಸೇರಿ ಹಿಂಬದಿಯಿಂದ ಅದೇ ರೂಮಿಗೆ ಬರುತ್ತದೆ. "ತಣ್ಣಗಾಗಲ್ಲ ಅಮ್ಮ, ರೂಮು ಇನ್ನೂ ಬಿಸಿ ಆಗುತ್ತೆ!" ಅಂತ ಕೂಗಿದ. ಯಾರೋ ಗುಟ್ಟು ಬಿಟ್ಟುಕೊಟ್ಟ ಹಾಗೆ ಅವನ ಮುಖ. ಆ ಪ್ರಶ್ನೆ ಪರೀಕ್ಷೆಯಲ್ಲಿ ಬರಲಿಲ್ಲ. ಆದರೆ ಆ ಪಾಠ ಅವನಿಗೆ ಇವತ್ತಿಗೂ ಬಾಯಲ್ಲಿದೆ. ನನಗೂ ಇದೆ.

ಹಾಸ್ಟೆಲಿನಲ್ಲಿದ್ದಾಗ ಇದೇ ಕೆಲಸ ಫೋನಿನಲ್ಲಿ ನಡೆಯುತ್ತದೆ. ಒಂದೇ ನಿಯಮ, ಅವನು ಕರೆದರೆ ಮಾತ್ರ. ನಾನಾಗಿ "ಹೇಳು ನೋಡೋಣ" ಅಂದರೆ ಅದು ಮತ್ತೆ ಪೆನ್ಸಿಲ್ ಗೆರೆಯ ಖಾತೆಗೆ ಹೋಗುತ್ತದೆ.

ಪರೀಕ್ಷೆ ಶುರುವಾದ ಮೇಲೆ ನನ್ನ ಕೆಲಸ ಬಹಳ ಕಡಿಮೆ. ಬೆಳಿಗ್ಗೆ ಎಬ್ಬಿಸುವುದು, ಮಧ್ಯಾಹ್ನ ಒಂದು ಮೆಸೇಜು. ಅದರಲ್ಲಿ ಪೇಪರಿನ ಸುದ್ದಿ ಇರುವುದಿಲ್ಲ. "ಊಟ ಮಾಡಿ ಅರ್ಧ ಗಂಟೆ ಮಲಗು" ಅಂತ ಇರುತ್ತದೆ, ಅಥವಾ ಪಕ್ಕದ ಮನೆ ಬೆಕ್ಕು ನಮ್ಮ ಮಹಡಿ ಮೆಟ್ಟಿಲ ಮೇಲೆ ಮರಿ ಹಾಕಿದ ಫೋಟೋ. ಪೇಪರಿನ ವಿಷಯ ಅವನೇ ಎತ್ತಿದರೆ ಕೇಳುತ್ತೇನೆ. ಎತ್ತದಿದ್ದರೆ ಎಲ್ಲ ಮುಗಿಯುವ ತನಕ ಆ ಪ್ರಶ್ನೆಪತ್ರಿಕೆಗಳು ಬ್ಯಾಗಿನಲ್ಲೇ ಇರುತ್ತವೆ. ನಮ್ಮ ಮನೆಯವರಿಗೆ ಇದು ಇನ್ನೂ ಒಗ್ಗಿಲ್ಲ. ನೇರವಾಗಿ ಕೇಳಬೇಡಿ ಅಂತ ನಾನು ಹೇಳಿದ ಮೇಲೆ ಈಗ ನನ್ನ ಹತ್ತಿರ ಕೇಳುತ್ತಾರೆ: "ಏನಂತೆ, ಹೇಗೆ ಮಾಡಿದಾನಂತೆ?" ನನಗೆ ಗೊತ್ತಿಲ್ಲ ಅಂದರೆ ನಂಬುವುದಿಲ್ಲ. ಅವರ ಆತಂಕಕ್ಕೂ ಒಂದು ಕೆಲಸ ಬೇಕು ಅಂತ ಟಿಕೆಟ್, ಲಗೇಜು, ಕರೆದುಕೊಂಡು ಬರುವುದು ಎಲ್ಲ ಅವರಿಗೇ ವಹಿಸಿದ್ದೇನೆ. ಟಿಕೆಟ್ ಖಚಿತವಾಗಿದೆಯಾ ಅಂತ ದಿನಕ್ಕೆ ನಾಲ್ಕು ಸಲ ನೋಡುತ್ತಾರೆ. ನೋಡಲಿ. ಟಿಕೆಟ್ಟಿಗೇನೂ ನೋವಾಗಲ್ಲ.

ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೆಲ್ಲ ಕಾಗದದ ಮೇಲೆ ಬರೆದವರು ಚೆನ್ನಾಗಿ ಮಾಡಿದರು ಅಂತ 2011ರಲ್ಲಿ ಚಿಕಾಗೊ ವಿಶ್ವವಿದ್ಯಾಲಯದವರ ಪ್ರಯೋಗವೊಂದು 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ಪರೀಕ್ಷೆ ಅಂದರೆ ಹೆದರುವವರಿಗೇ ಇದರಿಂದ ಹೆಚ್ಚು ಲಾಭ ಅಂತ ಅದರಲ್ಲಿತ್ತು. ಮಗಳು ಇದನ್ನು ಮಾಡುತ್ತಿದ್ದಳು, ಬರೆದು ಹರಿದು ಹಾಕುತ್ತಿದ್ದಳು. ಮಗನಿಗೆ ಹೇಳಿದರೆ "ಆ ಹತ್ತು ನಿಮಿಷ ಮಲಗ್ತೀನಿ ಬಿಡು" ಅಂದ. ಅದೂ ಸರಿಯೇ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಾಮಾನ್ಯ ದಿನಗಳ ಮಾತು. ಇನ್ನೊಂದು ಬಗೆಯ ಫೋನೂ ಬರುತ್ತದೆ. ಇನ್ನೂ ಕಷ್ಟ ಅಂದರೆ, ಬರಬೇಕಾದ ಫೋನ್ ಬರುವುದೇ ಇಲ್ಲ.

ಮೊದಲು ಬರುವ ಫೋನಿನ ವಿಷಯ. ರಾತ್ರಿ ಹನ್ನೊಂದೂವರೆ. "ನನ್ನ ಕೈಲಾಗಲ್ಲ ಅಮ್ಮ, ಈ ಕೋರ್ಸೇ ಬಿಟ್ಟುಬಿಡ್ತೀನಿ." ಮಗಳು ಹೀಗೆ ಅತ್ತಾಗ ನಾನು "ಹಾಗೆಲ್ಲ ಹೇಳಬಾರದು, ನೀನು ಜಾಣೆ, ಎಲ್ಲ ಆಗುತ್ತೆ" ಅಂತ ಒಂದೇ ಉಸಿರಿಗೆ ಹೇಳುತ್ತಿದ್ದೆ. ಸಮಾಧಾನ ಅಂದುಕೊಂಡಿದ್ದೆ. ಅವಳಿಗೆ ಅದು ಬಾಯಿ ಮುಚ್ಚು ಅಂದಹಾಗೆ ಕೇಳಿಸುತ್ತಿತ್ತಂತೆ. ಮಗನ ಜೊತೆ ಈಗ ಸುಮ್ಮನಿರುತ್ತೇನೆ. ಅಳು ನಿಲ್ಲುವ ತನಕ ಸುಮ್ಮನಿರುವುದು, ಅದೂ ಫೋನಿನಲ್ಲಿ, ಬಹಳ ಉದ್ದ ಅನ್ನಿಸುತ್ತದೆ. ಗಡಿಯಾರ ನೋಡಿದ್ದೇನೆ, ನಾಲ್ಕು ನಿಮಿಷವೂ ಆಗಿರುವುದಿಲ್ಲ. ಆಮೇಲೆ ಒಂದು ಪ್ರಶ್ನೆ: "ನಾನು ಬರೀ ಕೇಳಿಸ್ಕೊಳ್ಳಲಾ, ಇಲ್ಲ ಏನಾದ್ರೂ ದಾರಿ ನೋಡೋಣ್ವಾ?" ಹತ್ತಕ್ಕೆ ಎಂಟು ಸಲ ಅವನಿಗೆ ಬರೀ ಕೇಳಿಸಿಕೊಳ್ಳುವವರು ಬೇಕಾಗಿರುತ್ತದೆ. ಕೋರ್ಸು ಬಿಡುವ ಮಾತನ್ನು ಆ ರಾತ್ರಿ ಚರ್ಚೆ ಮಾಡುವುದಿಲ್ಲ. "ಪರೀಕ್ಷೆ ಮುಗಿದ ಮೇಲೂ ಹೀಗೇ ಅನ್ನಿಸಿದರೆ ಕೂತು ಮಾತಾಡೋಣ" ಅನ್ನುತ್ತೇನೆ. ಮಾತಿಗಲ್ಲ, ನಿಜವಾಗಲೂ ಮಾತಾಡಲು ತಯಾರಿರಬೇಕು. ಇಲ್ಲದಿದ್ದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಬಾರದ ಫೋನಿನ ಕಥೆ ಮಗಳ ಐದನೇ ಸೆಮಿಸ್ಟರಿನದು. ಎರಡು ವಾರದಿಂದ ಅವಳ ಮಾತು ಕಡಿಮೆಯಾಗಿತ್ತು. ಓದಿನ ಗಡಿಬಿಡಿ ಅಂದುಕೊಂಡೆ. ಆಮೇಲೆ ಮೆಸೇಜಿಗೆ ಮಾರನೇ ದಿನ ಉತ್ತರ, ಅದೂ ಒಂದು ಅಕ್ಷರ. ಒಂದು ಸಂಜೆ ಅವಳ ರೂಮ್‌ಮೇಟ್ ಫೋನ್ ಮಾಡಿ, "ಆಂಟಿ, ಅವಳು ನಾಲ್ಕು ದಿನದಿಂದ ರೂಮಿಂದ ಹೊರಗೆ ಬಂದಿಲ್ಲ" ಅಂದಳು. ಆ ರಾತ್ರಿಯೇ ಹೊರಟೆ.

ಬಾಗಿಲು ತೆಗೆದ ಮಗಳು ನನ್ನನ್ನು ನೋಡಿ ಆಶ್ಚರ್ಯವನ್ನೂ ಪಡಲಿಲ್ಲ. ಮಂಚದ ಕೆಳಗೆ ತೊಳೆಯದ ಲೋಟಗಳು. ಮೇಜಿನ ಮೇಲೆ ಅದೇ ಪುಟಕ್ಕೆ ತೆರೆದಿದ್ದ ಪುಸ್ತಕ, ಪುಟದ ಮೇಲೆ ಧೂಳು. ಸುಸ್ತು ಬೇರೆ, ಇದು ಬೇರೆ. ಓದಿನ ಒತ್ತಡ ಇರುವ ಮಕ್ಕಳು ರೇಗುತ್ತಾರೆ, ಅಳುತ್ತಾರೆ, ಒಂದು ಪೇಪರ್ ಮುಗಿದರೆ ಸ್ವಲ್ಪ ಹಗುರಾಗುತ್ತಾರೆ. ಇವಳಿಗೆ ಯಾವುದೂ ತಟ್ಟುತ್ತಿರಲಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ ಅಥವಾ ಬರೀ ನಿದ್ದೆ, ಊಟ ಸೇರಲ್ಲ, ಇಷ್ಟದ ಯಾವುದರಲ್ಲೂ ಮನಸ್ಸಿಲ್ಲ, ಜನರಿಂದ ದೂರ, ಯಾವುದಕ್ಕೂ ಅರ್ಥವಿಲ್ಲ ಅನ್ನುವ ಮಾತು: ಇವು ಕಂಡರೆ ಪರೀಕ್ಷೆ ಮುಗಿಯಲಿ ನೋಡೋಣ ಅಂತ ಕಾಯಬಾರದು.

ನಾನು ಅವಳ ಪಕ್ಕ ಕೂತು, ಗಂಟಲು ಒಣಗುತ್ತಿದ್ದರೂ, ನೇರವಾಗಿ ಕೇಳಿದೆ: "ಬದುಕಿರೋದು ಬೇಡ ಅಂತ ಏನಾದ್ರೂ ಅನ್ನಿಸ್ತಿದೆಯಾ ಪುಟ್ಟ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳುವುದರಿಂದ ಹೇಳಿಕೊಳ್ಳಲು ದಾರಿಯಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅವಳು ತಲೆಯಾಡಿಸಿ "ಅಷ್ಟಿಲ್ಲ" ಅಂದಳು. ಆಮೇಲೆ ಒಂದು ಗಂಟೆ ಮಾತಾಡಿದಳು. "ಹೌದು" ಅಂದಿದ್ದರೆ ಅವಳನ್ನು ಒಂದು ಕ್ಷಣವೂ ಒಂಟಿ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ದೂರದಲ್ಲಿರುವವರು ಮಗುವಿನ ಹತ್ತಿರ ಇರುವ ಯಾರನ್ನಾದರೂ ತಕ್ಷಣ ರೂಮಿಗೆ ಕಳಿಸಿ, ಸಹಾಯವಾಣಿಗೋ ತುರ್ತು ಸೇವೆಗೋ ಕರೆ ಮಾಡಬೇಕು.

ಮಾರನೇ ದಿನ ಅವಳು ಕಾಲೇಜಿನ ಆಪ್ತಸಮಾಲೋಚಕರನ್ನು ಕಂಡಳು, ಅವರು ಮನೋವೈದ್ಯರ ಹತ್ತಿರ ಕಳಿಸಿದರು. ಆ ಸಲ ಎರಡು ಪೇಪರ್ ಬರೆಯಲಿಲ್ಲ. ವೈದ್ಯರ ಪತ್ರ ಕೊಟ್ಟು ಮುಂದಕ್ಕೆ ಹಾಕಿಸಿಕೊಂಡಳು. ಇದಕ್ಕೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ನಿಯಮ, ಪರೀಕ್ಷೆಗೆ ಮುಂಚೆ ಕೇಳಿದರೆ ಸಿಗುವುದು ಆಮೇಲೆ ಕೇಳಿದರೆ ಬಹಳ ಕಡೆ ಸಿಗುವುದಿಲ್ಲ. ಆ ಅರ್ಜಿಯನ್ನು ಮಾತ್ರ ನಾನೇ ಬರೆದೆ, ಅವಳು ಸಹಿ ಹಾಕಿದಳು. ನೀಲಿ, ಕೆಂಪು ಅಂತ ನೋಡುವ ಹೊತ್ತಲ್ಲ ಅದು.

ಪರೀಕ್ಷೆ ಮುಗಿಸಿ ಮನೆಗೆ ಬಂದ ಮಕ್ಕಳು ಮೊದಲ ಎರಡು ದಿನ ಮಲಗೇ ಇರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಏಳುತ್ತಾರೆ, ಮಾತಾಡಿಸಿದರೆ ಗುರ್ ಅನ್ನುತ್ತಾರೆ. ಮೊದಮೊದಲು ನನಗೆ ಬೇಜಾರಾಗುತ್ತಿತ್ತು. ನಾಲ್ಕು ತಿಂಗಳಾದ ಮೇಲೆ ಬಂದಿದಾನೆ, ಒಂದು ಮಾತಿಲ್ಲ ಕಥೆಯಿಲ್ಲ ಅಂತ. ಈಗ ಆ ಎರಡು ದಿನ ಯಾರನ್ನೂ ಮನೆಗೆ ಕರೆಯುವುದಿಲ್ಲ. ಅವನ ಬ್ಯಾಗಿನ ಬಟ್ಟೆ ತೆಗೆದು ಒಗೆಯಲು ಹಾಕುತ್ತೇನೆ, ಜೇಬಿನ ಚೀಟಿಗಳನ್ನು ಓದದೆ ಮೇಜಿನ ಮೇಲಿಡುತ್ತೇನೆ. ಮೂರನೇ ದಿನ ಅವನಾಗಿ ಬಂದು ಅಡುಗೆಮನೆ ಕಟ್ಟೆ ಮೇಲೆ ಕೂರುತ್ತಾನೆ. ಆಗ ಶುರುವಾದರೆ ನಿಲ್ಲಿಸುವುದೇ ಇಲ್ಲ.

ಅಂಕ ಬಂದಾಗಲೂ ಹೀಗೇ ಒಂದು ವಾರ ಬಿಡುತ್ತೇನೆ. ಕಳೆದ ಸೆಮಿಸ್ಟರಿನಲ್ಲಿ ಅವನಿಗೂ ಒಂದು ಪೇಪರ್ ಹೋಯಿತು. ಎಲ್ಲ ಚೆನ್ನಾಗಿ ಮಾಡಿದರೆ ಪೇಪರ್ ಹೋಗುವುದೇ ಇಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ವ್ಯತ್ಯಾಸ ಇಷ್ಟೇ, ಈ ಸಲ ನನಗೆ ಗೊತ್ತಾದದ್ದು ಎರಡು ತಿಂಗಳು ಬಿಟ್ಟಲ್ಲ. ಫಲಿತಾಂಶ ಬಂದ ಹತ್ತೇ ನಿಮಿಷಕ್ಕೆ ಅವನೇ ಫೋನ್ ಮಾಡಿದ. "ಒಂದು ಹೋಯ್ತಮ್ಮ" ಅಂದ. "ಹ್ಞೂಂ" ಅಂದೆ. ಬಾಯಿಗೆ ಬಂದಿದ್ದ "ಅಯ್ಯೋ"ವನ್ನು ನುಂಗಿಕೊಂಡೆ. ಅದನ್ನು ಯಾವಾಗ ಮತ್ತೆ ಕಟ್ಟಬೇಕು ಅಂತ ಅವನೇ ಹೇಳಿದ, ನಾನು ಕ್ಯಾಲೆಂಡರಿನಲ್ಲಿ ನೀಲಿಯಲ್ಲಿ ಬರೆದೆ.

ಆ ಬಾಕಿ ಪೇಪರ್ ನಾಳೆಯೇ. ಅದಾದ ಮೇಲೆ ಈ ಸೆಮಿಸ್ಟರಿನದು ಇನ್ನೂ ಮೂರಿದೆ. ಸಂಜೆ ಫೋನ್ ಮಾಡಿದ್ದ, ನಾಳೆ ಐದಕ್ಕೇ ಎಬ್ಬಿಸು ಅಂದಿದ್ದಾನೆ. ನಾನು ಎರಡು ಅಲಾರಾಂ ಇಟ್ಟಿದ್ದೇನೆ, ನಮ್ಮ ಮನೆಯವರು ಒಂದು.